ಸಾಬಣ್ಣ ಕುಟ್ಟಿದ ಖಾರ

ನಮ್ಮ ಕಾಲುವೆ ಕ್ಯಾಂಪಿನಲ್ಲಿ ಎರಡು ಕೆಲಸಗಳನ್ನು ಬೇರೆಯವರ ಕೈಗೆ ಕೊಡುವಂತಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಒಂದು, ಉಪಕಾಲುವೆಯ ಗೇಟು ಎತ್ತಿ ಇಳಿಸುವುದು, ಅದು ಸಾಬಣ್ಣನದು. ಇನ್ನೊಂದು, ಹಣ್ಣು ಮೆಣಸಿನಕಾಯಿಯ ಖಾರ ಕುಟ್ಟುವುದು. ಅದು ಅವನ ಹೆಂಡತಿ ಮೋನಮ್ಮನದು. ಗೇಟು ಕೆಟ್ಟರೆ ಶಹಾಪುರದಿಂದ ಮೆಕ್ಯಾನಿಕ್ ಬರುತ್ತಿದ್ದ. ಮೋನಮ್ಮ ಕೆಟ್ಟರೆ ಯಾರು ಬರಬೇಕೆಂದು ಸರಕಾರ ಯೋಚನೆ ಮಾಡಿರಲಿಲ್ಲ. ಸಾಬಣ್ಣನೂ ಮಾಡಿರಲಿಲ್ಲ.

ಕ್ಯಾಂಪೆಂದರೆ ದೊಡ್ಡದೇನಲ್ಲ. ಸುರಪುರಕ್ಕೂ ಶಹಾಪುರಕ್ಕೂ ನಡುವೆ, ನಾರಾಯಣಪುರದ ಡ್ಯಾಮಿನಿಂದ ಬಂದ ಕಾಲುವೆ ಮಗ್ಗಲು ಬದಲಿಸುವ ಕಡೆ ಒಂದು ಸಾಲು ಕ್ವಾರ್ಟರ್ಸು, ಒಂದು ಆಫೀಸು, ಎರಡು ಬೇವಿನ ಮರ. ಆಫೀಸಿನಲ್ಲಿ ನಾನು ಗುಮಾಸ್ತ. ನೀರು ಹರಿಸುವುದು ಸಾಬಣ್ಣನ ಕೆಲಸ, ಹರಿಯಿತು ಎಂದು ಬರೆಯುವುದು ನನ್ನದು. ಆದ್ದರಿಂದ ರೈತರು ಅವನನ್ನು ಕಂಡರೆ ಎರಡೂ ಕೈ ಎತ್ತಿ ಶರಣು ಅನ್ನುತ್ತಿದ್ದರು, ನನ್ನನ್ನು ಕಂಡರೆ "ಸಾಬಣ್ಣ ಎಲ್ಲಿ ಹೋಗ್ಯಾನ್ರಿ?" ಎಂದು ಕೇಳುತ್ತಿದ್ದರು. ನಮ್ಮ ಮನೆ ಮತ್ತು ಅವನ ಮನೆಯ ನಡುವೆ ಇದ್ದದ್ದು ಒಂದೇ ಗೋಡೆ. ಕಾಂಟ್ರಾಕ್ಟರು ಸಿಮೆಂಟಿನಲ್ಲಿ ಬಹಳ ಮಿತವ್ಯಯಿಯಾಗಿದ್ದುದರಿಂದ, ಅವರು ಅಲ್ಲಿ ಸೀನಿದರೆ ನನ್ನ ಹೆಂಡತಿ ಅಮೃತಮ್ಮ ಇಲ್ಲಿ "ಶಿವಾ" ಅನ್ನುತ್ತಿದ್ದಳು.

ಕಾಲುವೆ ತೋಡುವಾಗ ಸಾಬಣ್ಣ ಸಲಿಕೆ ಹಿಡಿದು ಬಂದವನು. ಅವನು ಅಗೆಯುವುದು, ಮೋನಮ್ಮ ಬುಟ್ಟಿ ಹೊರುವುದು. ಮಧ್ಯಾಹ್ನ ಮಣ್ಣಿನ ದಿಬ್ಬದ ನೆರಳಲ್ಲಿ ಆಕೆ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಖಾರ ಇಟ್ಟು, ಎಣ್ಣೆಗೆ ಕುಳಿ ಮಾಡಿ ಅವನ ಕೈಗೆ ಕೊಡುತ್ತಿದ್ದಳಂತೆ. ನೀನೂ ಕೂತುಕೋ ಎಂದರೆ, "ಆಮ್ಯಾಲ ಉಣ್ತೀನ್ರಿ" ಎಂದು ಇನ್ನೆರಡು ಬುಟ್ಟಿ ಮಣ್ಣು ಹೊತ್ತು ಬರುತ್ತಿದ್ದಳಂತೆ. ಕಾಲುವೆ ಮುಗಿಯಿತು, ನೀರು ಬಂತು, ಮೊದಲು ಗ್ಯಾಂಗಿನಲ್ಲಿ ಆಮೇಲೆ ಗೇಟಿನ ಮೇಲೆ ಸಾಬಣ್ಣನಿಗೆ ನೌಕರಿಯೂ ಆಯಿತು. ನೂರಾರು ಎಕರೆಗೆ ನೀರು ಬಿಡುವ ಈ ಮನುಷ್ಯ ಮನೆಯಲ್ಲಿ ಮಾತ್ರ ಒಂದು ತಂಬಿಗೆ ನೀರನ್ನೂ ತಾನಾಗಿ ತುಂಬಿಕೊಂಡವನಲ್ಲ. ಇದನ್ನು ನಾನು ತಪ್ಪೆಂದು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ತಂಬಿಗೆ ಎಲ್ಲಿರುತ್ತದೆಂದು ನನಗೂ ಗೊತ್ತಿರಲಿಲ್ಲ.

ಕಾಲುವೆಯ ಹಿಂದೆ ನೆಲ್ಲು ಬಂತು, ಮೆಣಸಿನಕಾಯಿ ಬಂತು, ಇವೆರಡರ ಹಿಂದೆ ಸೊಳ್ಳೆ ಬಂತು. ಕೈಕಾಲಿನ ಗೆಣ್ಣು ಗೆಣ್ಣು ಹಿಡಿಯುವ ಚಿಕೂನ್‌ಗುನ್ಯಾ ಜ್ವರ ಊರೂರನ್ನೇ ಮಲಗಿಸಿದ ವರ್ಷ ಅದು. ನಮ್ಮ ಕ್ಯಾಂಪಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಬಿದ್ದು ಎದ್ದೆವು. ಮೋನಮ್ಮ ಬಿದ್ದಳು, ಏಳಲಿಲ್ಲ. ಜ್ವರ ಇಳಿಯಿತು, ಬೆರಳುಗಳು ಊದಿಕೊಂಡು ಹಾಗೇ ಉಳಿದವು. ರೊಟ್ಟಿ ಬಡಿಯುವುದಿರಲಿ, ಸೆರಗು ಸರಿಮಾಡಿಕೊಳ್ಳುವುದೂ ಕಷ್ಟವಾಯಿತು. ಬಾಯಿ ಸತ್ತಿತು, ಮೂಗಿಗೆ ವಾಸನೆಯೂ ಹೋಯಿತು. ಒಂದರ್ಧ ಕಪ್ಪು ಚಹಾ, ಅದರಲ್ಲಿ ಅದ್ದಿದ ಒಂದು ಬಿಸ್ಕೀಟು, ಅಷ್ಟೇ. ಕಡೇಚೂರಿನಲ್ಲಿದ್ದ ಮಗಳು ಬಾಣಂತಿ. ಬರಲಾಗದೆ, ಹೋಗಿಬರುವವರ ಕೈಯಲ್ಲಿ ಒಂದು ಕಟ್ಟು ಒಣ ರೊಟ್ಟಿ ಕಳಿಸಿ ಅಲ್ಲಿಯೇ ಅತ್ತಳು.

ಶಹಾಪುರದ ಡಾಕ್ಟರು ನೋಡಿ, ಔಷಧದ ಕೆಲಸ ಮುಗಿದಿದೆ, ಇನ್ನು ಊಟದ ಕೆಲಸ ಎಂದರು. ಆಕೆ ಏನು ಕೇಳಿದರೂ ಕೊಡಿ, ಹೇಗಾದರೂ ಮಾಡಿ ಉಣ್ಣಿಸಿ. ಸೋಮವಾರದವರೆಗೂ ಹೀಗೇ ಇದ್ದರೆ ಗುಲ್ಬರ್ಗಾದ ದೊಡ್ಡ ದವಾಖಾನೆಗೆ ಒಯ್ಯಬೇಕಾಗುತ್ತದೆ ಎಂದರು. ಗುಲ್ಬರ್ಗಾ ಎಂದ ಕೂಡಲೆ ಸಾಬಣ್ಣನ ಮುಖ ಬಿಳಿಚಿತು. ಅವನ ಅಣ್ಣನನ್ನು ಹೀಗೇ ಒಯ್ದಿದ್ದರು. ಹೋಗುವಾಗ ಬಸ್ಸಿನಲ್ಲಿ ಕೂತು ಹೋದವನು ಬರುವಾಗ ಟೆಂಪೋದಲ್ಲಿ ಮಲಗಿ ಬಂದಿದ್ದ.

ಏನು ಬೇಕು ಎಂದು ಕೇಳಿದ್ದಕ್ಕೆ ಮೋನಮ್ಮ ಬಹಳ ಹೊತ್ತು ಸೂರು ನೋಡಿ, "ಒಂದೀಟು ಖಾರ ಇದ್ರ ಬಾಯಿ ಎದ್ದೀತು" ಅಂದಳಂತೆ.

ಈ ಮಾತು ಗೋಡೆ ದಾಟಿ ನಮ್ಮ ಮನೆಗೆ ಬಂತು, ನಮ್ಮ ಮನೆಯಿಂದ ಕಾಲುವೆಗುಂಟ ಹೋಯಿತು. ಮರುದಿನ ದೇವಿಂದ್ರ ಎನ್ನುವ ರೈತ ಸೈಕಲ್ಲಿನ ಮೇಲೆ ಒಂದು ಚೀಲ ಹಣ್ಣು ಮೆಣಸಿನಕಾಯಿ ತಂದು ಇಳಿಸಿದ. ಸಾಬಣ್ಣ ಅಲ್ಲಿಯವರೆಗೆ ಯಾವ ರೈತನಿಂದಲೂ ಒಂದು ಬದನೆಕಾಯಿ ಮುಟ್ಟಿದವನಲ್ಲ. ಆದರೆ ಬೇನೆಬಿದ್ದವರ ಮನೆಗೆ ತಂದದ್ದನ್ನು ತಿರುಗಿ ಕಳಿಸಬಾರದು. ಆ ನಿಯಮ ಗೊತ್ತಾದ ಮೇಲೆ ಇನ್ನಿಬ್ಬರು ತಂದರು. ಒಬ್ಬ ಹೆಂಗಸಿಗೆ ಬೇಕಾದದ್ದು ಬೆರಳ ತುದಿಯ ಖಾರ. ಅಂಗಳದಲ್ಲಿ ಬಿದ್ದದ್ದು ಒಂದು ಮದುವೆಗೆ ಸಾಲುವಷ್ಟು ಮೆಣಸಿನಕಾಯಿ.

ಅಮೃತಮ್ಮ ಕುಟ್ಟಿಕೊಡುತ್ತೇನೆಂದಳು. ಸಾಬಣ್ಣ ಒಪ್ಪಲಿಲ್ಲ. ಆಕೆಯ ಬಾಯಿಗೆ ಆಕೆಯ ಒಳಕಲ್ಲಿನದೇ ಬೇಕು, ತಾನೇ ಕುಟ್ಟುತ್ತೇನೆ, ಇದರಲ್ಲೇನು ಬ್ರಹ್ಮವಿದ್ಯೆ ಎಂದ. ನಿಜಕ್ಕೂ ಬ್ರಹ್ಮವಿದ್ಯೆಯೇನಲ್ಲ. ತೊಟ್ಟು ಮುರಿದು ಒರೆಸಿದ ಹಣ್ಣು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಜೀರಿಗೆ, ಒಂದು ಚಿಟಿಕೆ ಹುರಿದ ಮೆಂತ್ಯ, ಹುಣಸೆಹಣ್ಣು, ಇವಿಷ್ಟನ್ನೂ ಹಾಕಿ ಕುಟ್ಟಿದರೆ ಆಯಿತು. ಒಲೆ ಹಚ್ಚುವ ಕೆಲಸವೂ ಹೆಚ್ಚಿಲ್ಲ. ಇದಕ್ಕಿಂತ ಸುಲಭದ ಅಡಿಗೆ ಜಗತ್ತಿನಲ್ಲಿಲ್ಲ ಎಂದು ಹೇಳಿ ನಾನು ಬಾಗಿಲಲ್ಲಿ ನಿಂತು ಧೈರ್ಯ ತುಂಬಿದೆ. ಒಳಗೆ ಹೋಗಲಿಲ್ಲ.

ಮೋನಮ್ಮ ಹಗ್ಗದ ಹೊರಸಿನ ಮೇಲೆ ಮಲಗಿಯೇ ಹೇಳುವುದು, ಅವನು ಕುಟ್ಟುವುದು. ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳಿರಿ ಎಂದು ಆಕೆ ಹೇಳಿದ್ದಳು. ಸಾಬಣ್ಣ ಗೇಟಿನ ಗ್ರೀಸು ಹಿಡಿದ ಕೈಗೆ ಎಣ್ಣೆಯಾಕೆ ಎಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಆ ಕೈಗಳು ಉರಿಯತೊಡಗಿದವು. ಉರಿ ಆರಲೆಂದು ಮುಖ ಒರೆಸಿಕೊಂಡ, ಕಣ್ಣೂ ಉರಿಯಿತು. ಕಾಲುವೆಗೆ ಹೋಗಿ ಮೊಣಕೈವರೆಗೆ ಕೈ ನೀರಲ್ಲಿ ಇಳಿಬಿಟ್ಟು ಕೂತ. ಅಂದು ಗೇಟಿನ ಚಕ್ರ ತಿರುಗಿಸಲು ಅವನಿಂದ ಆಗಲಿಲ್ಲ, ನೀರು ತಡವಾಯಿತು, ನೀರು ಎಲ್ಲರಿಗಿಂತ ಕೊನೆಗೆ ಮುಟ್ಟುವ, ಕಾಲುವೆಯ ಬಾಲದ ತುದಿಯ ಹೊಲದವರು ಆಫೀಸಿಗೆ ಬಂದು ನನ್ನ ಟೇಬಲ್ಲು ಗುದ್ದಿದರು. ಅವರಲ್ಲಿ ಮಲ್ಕಪ್ಪನೆಂಬುವವನು, ಸರಕಾರದ ನೀರು ಈಗ ಮೆಣಸಿನಕಾಯಿ ಕೈಯಾಗ ಅದ ಏನ್ರಿ ಎಂದು ಕೇಳಿದ. ನಾನು ಹೌದೆಂದೂ ಹೇಳಲಾರದೆ ಅಲ್ಲವೆಂದೂ ಹೇಳಲಾರದೆ ಕೆಮ್ಮಿದೆ.

ಖಾರವೇನೋ ಆಯಿತು. ಕೆಂಪಗೆ, ಹೊಳೆಯುತ್ತ, ಒಂದು ಜಾಡಿ ತುಂಬಿ ಎರಡು ಪಾತ್ರೆಗೆ ಹೆಚ್ಚಿತ್ತು. ಸಾಬಣ್ಣ ಅಮೃತಮ್ಮ ಕೊಟ್ಟ ರೊಟ್ಟಿಯ ಮೇಲೆ ಖಾರ ಇಟ್ಟು, ಎಡೆ ಮಾಡಿ ಮೋನಮ್ಮನ ಮುಂದಿಟ್ಟ. ಆಕೆ ಎಡೆ ನೋಡಿದಳು, ಅವನನ್ನು ನೋಡಿದಳು. "ಆಮ್ಯಾಲ ಉಣ್ತೀನ್ರಿ" ಅಂದಳು. ಸಾಬಣ್ಣ ಕಾದ. ರೊಟ್ಟಿ ಒಣಗಿತು. ಖಾರದ ಮೇಲೆ ಹಾಕಿದ ಎಣ್ಣೆ ಕೆಳಗಿಳಿಯಿತು. ಆಕೆ ಮುಟ್ಟಲಿಲ್ಲ.

ಇಲ್ಲಿ ನಮ್ಮ ಆಫೀಸಿನ ಜವಾನ ಪಂಪಣ್ಣ ಪ್ರವೇಶಿಸಿದ. ಪಂಪಣ್ಣನಲ್ಲಿ ಎಲ್ಲ ಕಾಯಿಲೆಗೂ ಒಂದೇ ಔಷಧವಿತ್ತು, ಅದು ಹರಕೆ. ಹರಕೆ ಹೊರುವುದು ಯಾವಾಗಲೂ ಬೇರೆಯವರಾದ್ದರಿಂದ ಅವನಿಗೆ ಅದು ಎಂದೂ ಭಾರವಾಗಿರಲಿಲ್ಲ. ಆಕೆ ಉಣ್ಣುವತನಕ ನಾನು ಉಣ್ಣುವುದಿಲ್ಲ ಎಂದು ತಿಂಥಣಿ ಗುಡಿಯ ಮೋನಪ್ಪ ದೇವರಿಗೆ ಕೈಮುಗಿ, ಗಂಡ ಉಪವಾಸ ಕೂತದ್ದು ಕಂಡರೆ ಯಾವ ಹೆಂಡತಿಯ ಗಂಟಲೂ ತೆರೆಯುತ್ತದೆ ಎಂದು ಸಾಬಣ್ಣನಿಗೆ ಉಪದೇಶಿಸಿದ. ಒಂದು ಕಟ್ಟಳೆಯನ್ನೂ ಹೇಳಿದ: ಈ ಹರಕೆಯ ಮಾತು ಹೆಂಗಸರ ಕಿವಿಗೆ ಬೀಳಬಾರದು, ಬಿದ್ದರೆ ಫಲವಿಲ್ಲ. ಹೀಗಾಗಿ ವಿಷಯ ಗೊತ್ತಿದ್ದದ್ದು ಪಂಪಣ್ಣನಿಗೆ, ಸಾಬಣ್ಣನಿಗೆ ಮತ್ತು ನನಗೆ. ಮೂವರ ತಲೆ ಸೇರಿಸಿದರೂ ಒಂದು ಒಲೆ ಹಚ್ಚಲು ಬಾರದು.

ಅಂದಿನಿಂದ ಸಾಬಣ್ಣ ದಿನಾ ಹೊಸದಾಗಿ ಖಾರ ಕುಟ್ಟುವುದು, ಎಡೆ ಇಡುವುದು, ಎದುರಿಗೆ ಬರಿಗೈಲಿ ಕೂಡುವುದು ನಡೆಯಿತು. ಆಕೆ "ಆಮ್ಯಾಲ" ಅನ್ನುವುದು ನಡೆಯಿತು. ನಿನ್ನೆ ಉಪ್ಪು ಹೆಚ್ಚಾಗಿರಬೇಕೆಂದು ಇಂದು ಕಡಿಮೆ ಹಾಕಿದ. ಬೆಳ್ಳುಳ್ಳಿ ಸಾಲದೆಂದು ಮರುದಿನ ಹೆಚ್ಚು ಹಾಕಿದ. ದೋಷ ಖಾರದಲ್ಲಿದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹೊಸದು ಬಂದಂತೆ ಹಿಂದಿನ ದಿನದ್ದು ಉಳಿಯಿತು, ಮೊನ್ನೆಯದೂ ಉಳಿದಿತ್ತು. ಹಳೆಯದು ಗೋಡೆಯ ಈಚೆಗೆ ನಮ್ಮ ಮನೆಗೆ ಬಂತು. ಅಮೃತಮ್ಮ ಅದಕ್ಕೆ ಮೊಸರು ಬೆರೆಸಿದಳು, ಶೇಂಗಾ ಪುಡಿ ಕಲಸಿದಳು, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟಳು, ಬದನೆಕಾಯಿಯ ಹೊಟ್ಟೆಗೆ ತುಂಬಿದಳು, ಚುರುಮುರಿಗೆ ಸವರಿದಳು. ಒಂದು ಮುಂಜಾನೆ ನನ್ನ ಚಹಾದ ಕಪ್ಪಿನ ಕಿವಿಗೂ ಖಾರ ಹತ್ತಿತ್ತು. ನಮ್ಮ ಮನೆಯ ಜಾಡಿ ಮಾತ್ರ ಇಳಿಯಲಿಲ್ಲ. ಬಂದವರಿಗೆ ಕೊಟ್ಟೆವು. ಆಮೇಲೆ ಬರುವವರು ದೂರದಿಂದ ನಮ್ಮ ಕೈ ಬರಿದಾಗಿದೆಯೇ ಎಂದು ನೋಡಿ ಬರತೊಡಗಿದರು.

ಇನ್ನು ಹರಕೆಯ ಸಂಗತಿ. ಮೊದಲ ದಿನ ಸಾಬಣ್ಣ ನಿಜವಾಗಿಯೂ ಏನೂ ಮುಟ್ಟಲಿಲ್ಲ. ಎರಡನೆಯ ದಿನ ಖಾರದ ಪಾತ್ರೆ ಕೊಡಲು ನಮ್ಮ ಮನೆಗೆ ಬಂದವನು, ಅಮೃತಮ್ಮ ಬಡಿಯುತ್ತಿದ್ದ ಬಿಸಿ ರೊಟ್ಟಿಯ ಸದ್ದು ಕೇಳಿ ಹೊಸ್ತಿಲಲ್ಲೇ ನಿಂತ. ಆಕೆ, ಮನೆಯಲ್ಲಿ ಮಾಡುವವರಿಲ್ಲ ಪಾಪ ಎಂದು ಕೂಡ್ರಿಸಿ ಬಡಿಸಿದಳು. ಅವನು ಉಂಡ. ಉಂಡ ಮೇಲೆ ನನ್ನನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಮೆಲ್ಲಗೆ ಹೇಳಿದ:

"ನಮ್ಮ ಮನ್ಯಾಗ ಉಣ್ಣಂಗಿಲ್ಲ ಅಂತ ದೇವ್ರಿಗೆ ಅಂದೀನ್ರಿ ಸಾಹೇಬ್ರ. ನಿಮ್ಮ ಮನಿ ಹೆಸರು ತಗೊಂಡಿಲ್ಲ."

ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ನಾನು ಗುಮಾಸ್ತ, ಇಂಥ ಸೂಕ್ಷ್ಮಗಳಿಗೆ ಬೆಲೆ ಕೊಡುವವನು. ಅಲ್ಲಿಂದ ಅವನ ಎರಡೂ ಹೊತ್ತಿನ ಊಟ ನಮ್ಮಲ್ಲೇ ಆಯಿತು. ದುಃಖದಲ್ಲಿ ಮನುಷ್ಯನಿಗೆ ಹಸಿವು ಹೆಚ್ಚು ಎಂದು ಕಾಣುತ್ತದೆ. ಹೀಗೆ ಗೋಡೆಯ ಆಚೆ ಉಪವಾಸ, ಈಚೆ ಊಟ ಎರಡೂ ಸಾಂಗವಾಗಿ ನಡೆದು, ಸಾಬಣ್ಣನ ಕೆನ್ನೆ ಸ್ವಲ್ಪ ತುಂಬಿಕೊಂಡವು. ಮೋನಮ್ಮನ ಕೆನ್ನೆ ಮಾತ್ರ ಒಳಗೆ ಹೋಗುತ್ತಲೇ ಇದ್ದವು. ಶನಿವಾರ ಅಮೃತಮ್ಮ ಆಕೆಯ ತಲೆ ಬಾಚಲು ಹೋದವಳು ಬಂದು ಒಲೆಯ ಮುಂದೆ ಕೂತಳು. ಕೂದಲಿಗಿಂತ ಬಾಚಣಿಕೆಯೇ ಭಾರ ಆಗ್ಯಾದ ಆಕಿಗೆ ಎಂದಳು. ನಾನು ಹಾಸ್ಯಕ್ಕೆ ಏನಾದರೂ ಹುಡುಕಿದೆ, ಸಿಗಲಿಲ್ಲ.

ಸೋಮವಾರದ ಜೀಪಿಗೆ ಹೇಳಿಯಾಯಿತು. ಭಾನುವಾರ ಅಮೃತಮ್ಮ ತನ್ನ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ವಡಗೇರಾಕ್ಕೆ ಹೋಗಲೇಬೇಕಾಗಿತ್ತು. ನನಗೆ ರೊಟ್ಟಿ ಮಾಡಿಟ್ಟು ಹೋಗಿದ್ದಳು. ಎಲ್ಲಿಟ್ಟಿದ್ದೇನೆಂದು ಹೇಳಿಯೂ ಇದ್ದಳು. ಆಕೆ ಹೇಳುವಾಗ ನಾನು ಹೂಂ ಅನ್ನುತ್ತಿದ್ದೆ. ಇಪ್ಪತ್ತು ವರ್ಷದಿಂದ ಹೂಂ ಅನ್ನುತ್ತಿದ್ದೇನೆ. ಮಧ್ಯಾಹ್ನ ಹುಡುಕಿದರೆ ಡಬ್ಬಿಗಳೆಲ್ಲ ಒಂದೇ ತರಹ ಕಂಡವು. ಒಂದರಲ್ಲಿ ಅಕ್ಕಿ, ಒಂದರಲ್ಲಿ ಸೋಪಿನ ಪುಡಿ, ಮೂರನೆಯದರಲ್ಲಿ ಸಾಬಣ್ಣನ ಖಾರ. ನಾನು ಹೊಟ್ಟೆ ಹಿಡಿದುಕೊಂಡು ಪಕ್ಕದ ಮನೆಗೆ ನಡೆದೆ.

ಸಾಬಣ್ಣ ಒಳಕಲ್ಲಿನ ಮುಂದೆ ಕೂತಿದ್ದ, ಕುಟ್ಟುತ್ತಿರಲಿಲ್ಲ. ಮೋನಮ್ಮನ ಸೀರೆ ಎರಡು, ಒಂದು ಚಾದರ, ಒಂದು ತಂಬಿಗೆ ಚೀಲದಲ್ಲಿ ಕಟ್ಟಿಟ್ಟದ್ದು ಬಾಗಿಲ ಹತ್ತಿರವಿತ್ತು. ಹೊರಸಿನ ಮುಂದೆ ಎಡೆ ಹಾಗೇ ಇತ್ತು. ಆಕೆ ಕಣ್ಣು ಮುಚ್ಚಿದ್ದಳು. ನನ್ನ ಹೆಜ್ಜೆಯ ಸಪ್ಪಳಕ್ಕೆ ಕಣ್ಣು ತೆರೆದು, ದನಿ ಬಹಳ ಸಣ್ಣಗಾಗಿತ್ತು, "ಬಾ ತಮ್ಮಾ, ಕೂಡು. ಅಮೃತವ್ವ ಊರಿಗೆ ಹೋಗ್ಯಾಳಲ್ಲ, ಉಂಡಿಯೇನು?" ಎಂದಳು.

ಜೀವ ಕಣ್ಣಿಗೆ ಬಂದು ನಿಂತಿದ್ದಾಗಲೂ ಆ ಮನೆಯಲ್ಲಿ ಮೊದಲು ಕೇಳುವುದು ಅದನ್ನೇ. ನಾನು ಸುಳ್ಳು ಹೇಳಬೇಕೆಂದಿದ್ದೆ. ನನ್ನ ಹೊಟ್ಟೆ ಗುರುಗುಟ್ಟಿ ನಿಜ ಹೇಳಿತು. ಮೋನಮ್ಮ ಗಂಡನ ಕಡೆ ನೋಡಿದಳು. ಮನೆಗೆ ಬಂದವನು ಹಸಿದು ಕೂತಿದ್ದಾನೆ ಎಂದರೆ ಸಾಬಣ್ಣ ಏಳಲೇಬೇಕು. ಎದ್ದ. ಮಗಳು ಕಳಿಸಿದ ಒಣ ರೊಟ್ಟಿ ಮುರಿದು ನೀರು ಚಿಮುಕಿಸಿದ. ಅಂದಿನ ಹೊಸ ಖಾರ ಆಕೆಯದೆಂದು ಮುಟ್ಟದೆ, ನಾಲ್ಕು ದಿನದ ಹಿಂದಿನದು ಜಾಡಿಯ ತಳದಲ್ಲಿದ್ದದ್ದನ್ನು ಕೆರೆದು ತೆಗೆದ. ನಮ್ಮ ಮನೆಯಲ್ಲಿ ಅಮೃತಮ್ಮ ಮಾಡುವುದನ್ನು ನೋಡಿದ್ದ ಹಾಗೆ ಎಣ್ಣೆ ಕಾಯಿಸಿ, ಸಾಸಿವೆ, ಉಳ್ಳಾಗಡ್ಡಿ ಹಾಕಿ, ಖಾರ ಸುರಿದು, ರೊಟ್ಟಿಯ ಚೂರು ಹಾಕಿ ತಿರುವಿದ. ಹೊರಸಿನ ಮೇಲಿಂದ ಆಕೆ, ಉರಿ ಸಣ್ಣ ಮಾಡ್ರಿ ಎಂದು ಒಮ್ಮೆ ಹೇಳಿದಳು.

ನನ್ನ ಮುಂದೆ ಊಟದ ಗಂಗಾಳ ಬಂತು. ಇನ್ನೊಬ್ಬರ ಮನೆಯಲ್ಲಿ, ಮನೆಯ ಯಜಮಾನ ನಿಂತು ನೋಡುತ್ತಿರುವಾಗ ಒಬ್ಬನೇ ಉಣ್ಣಲು ನಾನೇನು ಆಡಿಟ್ ಸಾಹೇಬನೆ? "ನೀನೂ ಕೂಡು ಸಾಬಣ್ಣ" ಎಂದೆ. ಅಂದಮೇಲೆ ಹರಕೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಸಾಬಣ್ಣ ನನ್ನ ಮುಖ ನೋಡಿದ. ಒಂದು ಕಡೆ ತಿಂಥಣಿ ಮೋನಪ್ಪ, ಇನ್ನೊಂದು ಕಡೆ ಹಸಿದ ಅತಿಥಿ. ಅವನು ಕೂಡದಿದ್ದರೆ ನಾನು ಉಣ್ಣುವಂತಿಲ್ಲ. ಅವನು ಕೂತರೆ ಆಕೆಗಾಗಿ ಕಟ್ಟಿದ ಹರಕೆ ಮುರಿಯುತ್ತದೆ. ಮೆಣಸಿನಕಾಯಿಯಿಂದ ಸಿಪ್ಪೆ ಎದ್ದ ತನ್ನ ಎರಡೂ ಕೈ ನೋಡಿಕೊಂಡ. ಆ ಮುಖ ಈಗಲೂ ನನಗೆ ಕಾಣುತ್ತದೆ. ಇನ್ನು ಯಾವ ದೇವರ ಜೊತೆಯೂ ವಾದ ಮಾಡುವ ಶಕ್ತಿ ಅದರಲ್ಲಿರಲಿಲ್ಲ. "ಹೆಂಗೂ ನಾಳೆ ಒಯ್ಯಾದೇ ಅದ" ಎಂದು ಕುಸಿದು ಕೂತ, ನನ್ನ ಗಂಗಾಳದಿಂದಲೇ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡ.

ಎರಡನೆಯ ತುತ್ತಿಗೆ ಹೊರಸು ಕಿರುಗುಟ್ಟಿತು.

ಮೋನಮ್ಮ ಗೋಡೆ ಹಿಡಿದು ಎದ್ದು ಕೂತಿದ್ದಳು. ಊದಿದ ಬೆರಳುಗಳಿಂದ ಎಡೆಯನ್ನು ಹತ್ತಿರ ಎಳೆದುಕೊಂಡು, ಅದರಲ್ಲಿದ್ದ ಹೊಸ ಖಾರವನ್ನು ಬದಿಗೆ ಸರಿಸಿ, "ಅದರಾಗಿಂದು ಒಂದೀಟು ಇಕಡೆ ಹಾಕ್ರಿ" ಅಂದಳು. ಸಾಬಣ್ಣ ಬಾಯಲ್ಲಿ ತುತ್ತು ಇಟ್ಟುಕೊಂಡೇ ಬಾಣಲೆ ಎತ್ತಿಕೊಂಡು ಹೋದ. ಆಕೆ ರೊಟ್ಟಿಯ ಮೆತ್ತನೆಯ ಚೂರೊಂದನ್ನು ಹಿಡಿಯಲಾರದೆ ಹಿಡಿದು ಬಾಯಿಗಿಟ್ಟುಕೊಂಡಳು. ಅಗಿದಳು. ಕಣ್ಣಲ್ಲಿ ನೀರು ಬಂತು, ಅದು ಖಾರದ್ದು. ಇನ್ನೊಂದು ಚೂರು ತೆಗೆದುಕೊಂಡಳು. ನಾವಿಬ್ಬರೂ ಉಣ್ಣುವುದನ್ನು ಮರೆತು ನೋಡುತ್ತಿದ್ದೆವು. ನೋಡಿ ಆಕೆ ಕೈ ನಿಲ್ಲಿಸಿದಳು.

"ನೀವು ಉಣ್ರಿ" ಎಂದಳು ಗಂಡನಿಗೆ. "ಇಷ್ಟು ದಿನ ಮುಂದ ಬರಿಗೈಲಿ ಕುಂತ್ರ ನನ್ನ ಗಂಟಲಾಗ ಹ್ಯಾಂಗ ಇಳೀಬೇಕು? ಉಂಡೋರು ಉಂಡ ಮ್ಯಾಲ ಉಂಡ ಬಾಯಿ ಇದು."

ಆಮ್ಯಾಲ ಎಂದರೆ ಆಮ್ಯಾಲ ಎಂದೇ ಅರ್ಥವೆಂದು ನಮ್ಮ ಮೂವರು ಪಂಡಿತರಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾವು ಉಪ್ಪು ಹುಡುಕುತ್ತಿದ್ದೆವು, ಬೆಳ್ಳುಳ್ಳಿ ಹುಡುಕುತ್ತಿದ್ದೆವು. ಸಾಬಣ್ಣ ಬಗ್ಗಿ ಬೇಗ ಬೇಗ ತಿನ್ನತೊಡಗಿದ. ಅವನು ಒಂದು ತುತ್ತು ತಿಂದರೆ ಆಕೆ ಒಂದು ತುತ್ತು ತಿನ್ನುವಳು. ನಾನು ನನ್ನ ಪಾಲನ್ನೂ ಅವನ ಕಡೆಗೆ ಸರಿಸಿದೆ. ಹಸಿವು ನನಗೂ ಇತ್ತು. ಆದರೆ ನಾನು ತಿಂದದ್ದರಿಂದ ಆಕೆಗೆ ಏನೂ ಲಾಭವಿರಲಿಲ್ಲ.

ಸೋಮವಾರ ಬಂದ ಜೀಪು ಚಹಾ ಕುಡಿದು ತಿರುಗಿ ಹೋಯಿತು. ಪಂಪಣ್ಣ ಇದು ಹರಕೆಯ ಫಲವೆಂದು ಎಲ್ಲರಿಗೂ ಹೇಳಿ, ಮೋನಪ್ಪನ ಗುಡಿಗೆ ಹೋಗುವುದು ಯಾವಾಗ ಎಂದು ಕೇಳತೊಡಗಿದ. ಸಂಜೆ ಅಮೃತಮ್ಮ ವಡಗೇರಾದಿಂದ ಬಂದು ಸೀದಾ ಮೋನಮ್ಮನ ಹತ್ತಿರ ಹೋದಳು. ನಮಗೆ ಆಕೆಯ ಬಾಯಿ ಕಟ್ಟಲು ಸಮಯ ಸಿಗಲಿಲ್ಲ.

"ನಿನ್ನಿ ಊಟಕ್ಕ ಏನ್ ಮಾಡಿದಿ ಸಾಬಣ್ಣ?" ಎಂದು ಹೊಸ್ತಿಲಲ್ಲೇ ಕೇಳಿದಳು. "ನಮ್ಮ ಮನ್ಯಾಗ ದಿನಾ ಉಂಡಾಂವ, ನಿನ್ನಿ ಉಪವಾಸ ಬಿದ್ದನೋ ಏನೋ ಅಂತ ಬಸ್ಸಿನ್ಯಾಗ ಅದೇ ಚಿಂತಿ ನನಗ."

ಮೋನಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಸೂರು ನೋಡಿದ. ನಾನು ಆಫೀಸಿನಲ್ಲಿ ಏನೋ ಕೆಲಸ ಉಳಿದಿದೆ ಎಂದು ನೆನಪು ಮಾಡಿಕೊಂಡೆ.

"ನಾ ಅನ್ಕೊಂಡಿದ್ದೆ," ಎಂದಳು ಮೋನಮ್ಮ, "ಉಪವಾಸಕ್ಕ ಹೊಟ್ಟಿ ಉಬ್ಬ್ಯಾದಂತ."

ಆಕೆ ಬದುಕಿಕೊಂಡಳು. ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಖಾರ ಕುಟ್ಟುವುದು ಸಾಬಣ್ಣನ ಕೆಲಸವಾಗಿಯೇ ಉಳಿಯಿತು. ಈಗ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾನೆ. ರೊಟ್ಟಿ ನಮ್ಮ ಮನೆಯಿಂದ ಹೋಗುತ್ತದೆ. ಇಷ್ಟೆಲ್ಲ ಆದಮೇಲೆ ಇಬ್ಬರೂ ಕೂಡಿಯೇ ಉಣ್ಣಬೇಕೆಂದು ಅವನು ಹಟ ಹಿಡಿದ. ಗದರಿದ, ಬೇಡಿಕೊಂಡ, ನನ್ನನ್ನು ಕರೆದು ಹೇಳಿಸಿದ. ಆಕೆ ಎಲ್ಲಕ್ಕೂ ತಲೆಯಾಡಿಸಿ, ಗಂಗಾಳ ಬಂದ ಕೂಡಲೆ ಅದೇ ಮಾತು ಹೇಳಿದಳು. ಒಂದು ದಿನ ಗೇಟಿನ ಹತ್ತಿರ ಸಾಬಣ್ಣ ನನ್ನ ಮುಂದೆ ಸೋಲೊಪ್ಪಿಕೊಂಡ. "ಬಾಲದ ತುದಿಗೆ ಮೊದಲ ನೀರು ಕೊಡು ಅಂತ ದೊಡ್ಡ ಸಾಹೇಬ್ರು ಹೇಳ್ತಾರ, ಮಲ್ಕಪ್ಪನೂ ಹೇಳ್ತಾನ" ಎಂದ. "ಹ್ಯಾಂಗ ಕೊಡಾದ್ರಿ? ನೀರು ಮ್ಯಾಲಿಂದಲೇ ಬರ್ಬೇಕಲ್ಲ."

ಆದ್ದರಿಂದ ಈಗ ಮಧ್ಯಾಹ್ನ ಗೇಟಿನ ಚಕ್ರ ಅರ್ಧಕ್ಕೆ ಬಿಟ್ಟಾದರೂ ಅವನು ಮನೆಗೆ ಓಡುತ್ತಾನೆ. ಹಸಿವಿರಲಿ ಇಲ್ಲದಿರಲಿ, ಆಕೆಯ ಎದುರಿಗೆ ಕೂತು, ಆಕೆಗೆ ಕಾಣುವ ಹಾಗೆ ದೊಡ್ಡದೊಂದು ತುತ್ತು ನುಂಗುತ್ತಾನೆ. ಆಮೇಲೆ ಅವಳ ಕೈ ನೋಡುತ್ತ ಕೂಡುತ್ತಾನೆ.